ರೈಲ್ಸ್ ಟ್ಯೂಬ್ ಇರುವ ರೋಗಿಗೆ ಮನೆಯಲ್ಲಿ ಆರೈಕೆ: ನರ್ಸ್ ಯಾವ ಕೆಲಸಕ್ಕೆ ಬೇಕು?

ಪ್ರಶ್ನೆ (ಮಂಡ್ಯ): ಪಾರ್ಶ್ವವಾಯುವಾಗಿರುವ ನಮ್ಮ ಅತ್ತೆಯವರನ್ನು ಮುಂದಿನ ವಾರ ಮೈಸೂರಿನ ಆಸ್ಪತ್ರೆಯಿಂದ ಮನೆಗೆ ಕರೆತರುತ್ತಿದ್ದೇವೆ. ಮೂಗಿನ ಮೂಲಕ ಹೊಟ್ಟೆಗೆ ಆಹಾರ ಕೊಡುವ ರೈಲ್ಸ್ ಟ್ಯೂಬ್, ಮೂತ್ರ ಹೊರಬರಲು ಹಾಕುವ ಕ್ಯಾಥೆಟರ್ ಎರಡೂ ಇರುತ್ತವೆ. ಹಗಲು ರಾತ್ರಿ ಹೋಂ ನರ್ಸ್ ಇಟ್ಟುಕೊಳ್ಳಲೇಬೇಕೆ? ಅನುಭವವಿರುವವರು ದಯವಿಟ್ಟು ತಿಳಿಸಿ.

ಉತ್ತರ (ಕುವೆಂಪುನಗರ, ಮೈಸೂರು): ನಮ್ಮ ತಂದೆಯವರನ್ನು ಇದೇ ಸ್ಥಿತಿಯಲ್ಲಿ 14 ತಿಂಗಳು ಮನೆಯಲ್ಲಿ ನೋಡಿಕೊಂಡೆವು. ಏಜೆನ್ಸಿಯವರು ಹೋಂ ನರ್ಸ್ ಎಂದು ಕಳಿಸುವವರೆಲ್ಲ ನರ್ಸಿಂಗ್ ಓದಿದವರಲ್ಲ. ಮೈ ಒರೆಸುವುದು, ಡಯಾಪರ್ ಬದಲಿಸುವುದು ಅವರಿಂದ ಚೆನ್ನಾಗಿಯೇ ಆಗುತ್ತದೆ. ಆದರೆ ಟ್ಯೂಬ್ ಹಾಕುವುದು, ಕ್ಯಾಥೆಟರ್ ಬದಲಿಸುವುದು, ಹುಣ್ಣಿಗೆ ಡ್ರೆಸ್ಸಿಂಗ್ ಮಾಡುವುದು ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಅಥವಾ ಬಿಎಸ್ಸಿ ನರ್ಸಿಂಗ್ ಮುಗಿಸಿ ರಾಜ್ಯದ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಾಯಿಸಿಕೊಂಡವರ ಕೆಲಸ. ನೋಂದಣಿ ಪತ್ರವನ್ನು ಕೇಳಿ ನೋಡಲು ಸಂಕೋಚ ಪಡಬೇಡಿ. ನಾವು ಕೇಳಲಿಲ್ಲ. ಬಂದಾಕೆ ತಂದೆಯವರನ್ನು ಅಂಗಾತ ಮಲಗಿಸಿಯೇ ಗಂಜಿ ಹಾಕಿದರು. ಅದು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಿ, ಮತ್ತೆ ಒಂಬತ್ತು ದಿನ ಆಸ್ಪತ್ರೆಯಲ್ಲಿ ಕಳೆಯಬೇಕಾಯಿತು.

ಆದ್ದರಿಂದ ಡಿಸ್ಚಾರ್ಜ್‌ಗೆ ಮುನ್ನ ಎರಡು ದಿನ ವಾರ್ಡಿನ ಸಿಸ್ಟರ್ ಜೊತೆ ನಿಂತು, ಅವರ ಕಣ್ಣೆದುರಿಗೇ ನಿಮ್ಮ ಕೈಯಿಂದ ಆಹಾರ ಕೊಟ್ಟು ಕಲಿಯಿರಿ. ತಲೆಯ ಭಾಗ 30ರಿಂದ 45 ಡಿಗ್ರಿ ಎತ್ತರದಲ್ಲಿರಬೇಕು ಮತ್ತು ಆಹಾರ ಕೊಟ್ಟ ಮೇಲೂ ಕನಿಷ್ಠ ಅರ್ಧ ಗಂಟೆ ಹಾಗೆಯೇ ಇರಬೇಕು. ಮೂಗಿನ ಹೊಳ್ಳೆಯ ಬಳಿ ಟ್ಯೂಬಿನ ಮೇಲೆ ಮಾಡಿರುವ ಗುರುತು ಸರಿದಿದ್ದರೆ ಒಂದು ಹನಿ ನೀರನ್ನೂ ಹಾಕದೆ ಸಿಸ್ಟರನ್ನು ಕರೆಸಿ. ಮೂತ್ರದ ಚೀಲ ಸೊಂಟಕ್ಕಿಂತ ಕೆಳಗಿರಲಿ, ಆದರೆ ನೆಲಕ್ಕೆ ತಾಗದಿರಲಿ.

ನಮ್ಮನ್ನು ಹೆಚ್ಚು ಕಾಡಿದ್ದು ಹಾಸಿಗೆ ಹುಣ್ಣು. ಏರ್ ಬೆಡ್ ಇದ್ದರೂ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು ತಪ್ಪುವುದಿಲ್ಲ. ದಿನವೂ ಬೆನ್ನುಮೂಳೆಯ ತುದಿ, ಸೊಂಟದ ಪಕ್ಕ ಮತ್ತು ಹಿಮ್ಮಡಿಗಳನ್ನು ಬೆಳಕಿನಲ್ಲಿ ನೋಡಿ. ಕೆಂಪಾದ ಜಾಗವನ್ನು ಬೆರಳಿನಿಂದ ಒತ್ತಿ ಬಿಟ್ಟಾಗ ಬಣ್ಣ ಬಿಳಿಚಿಕೊಳ್ಳದೆ ಹಾಗೆಯೇ ಉಳಿದರೆ ಹುಣ್ಣು ಶುರುವಾಗಿದೆ ಎಂದೇ ಅರ್ಥ. ನಮ್ಮಂಥ ಕಪ್ಪು ಮೈಬಣ್ಣದವರಲ್ಲಿ ಕೆಂಪು ಕಾಣದೆಯೂ ಇರಬಹುದು. ಆ ಜಾಗ ಸುತ್ತಲಿನ ಚರ್ಮಕ್ಕಿಂತ ಬಿಸಿಯಾಗಿದೆಯೇ, ಗಟ್ಟಿಯಾಗಿದೆಯೇ ಎಂದು ಮುಟ್ಟಿಯೇ ತಿಳಿಯಬೇಕು.

ಉತ್ತರ (ಮಂಡ್ಯದ ಇನ್ನೊಬ್ಬರು): ಮೇಲಿನವರ ಮಾತು ನಿಜ. ನಾವು ಹಗಲಿಗೆ ಒಬ್ಬ ಆಯಾ ಇಟ್ಟುಕೊಂಡು, ಓದಿದ ಸಿಸ್ಟರನ್ನು ವಾರಕ್ಕೆ ಎರಡು ಬಾರಿ ಮಾತ್ರ ಕರೆಸುತ್ತಿದ್ದೆವು, ಖರ್ಚೂ ಕೈಮೀರಲಿಲ್ಲ. ಕೊಟ್ಟ ಆಹಾರ, ಬಂದ ಮೂತ್ರದ ಪ್ರಮಾಣ, ಜ್ವರ, ಮಗ್ಗುಲು ಬದಲಿಸಿದ ಹೊತ್ತು ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೆವು. ಮೂರು ದಿನಗಳಿಂದ ಮೂತ್ರ ಕಡಿಮೆಯಾಗುತ್ತಿರುವುದನ್ನು ಸಿಸ್ಟರ್ ಆ ಪುಟಗಳಲ್ಲೇ ಗಮನಿಸಿ, ಅಂದೇ ಡಾಕ್ಟರಿಗೆ ಫೋನ್ ಮಾಡಿಸಿದರು.