ಅತ್ತಿಗೆಯವರ ಪ್ಯಾಪ್ ಸ್ಮಿಯರ್ ವರದಿಯ ಕುರಿತು

ಎಲ್ಲರಿಗೂ ನಮಸ್ಕಾರ. ಗದಗಿನ ಅತ್ತಿಗೆಯವರು ಗುಂಪಿನಲ್ಲಿ ಹಾಕಿದ ಪ್ಯಾಪ್ ಸ್ಮಿಯರ್ (ಗರ್ಭಕಂಠದ ಕ್ಯಾನ್ಸರಿನ ಸುಳಿವು ಹುಡುಕುವ ಕೋಶಪರೀಕ್ಷೆ) ವರದಿಯಲ್ಲಿ ‘ಮಾದರಿ ಅಸಮರ್ಪಕ, ರಕ್ತದಿಂದ ಕೋಶಗಳು ಮರೆಯಾಗಿವೆ’ ಎಂದಿದೆ. ಅದನ್ನು ಓದಿ ಒಬ್ಬರು ‘ಏನೋ ಮುಚ್ಚಿಡುತ್ತಿದ್ದಾರೆ, ಕೂಡಲೇ ಹುಬ್ಬಳ್ಳಿಗೆ ಕರೆತನ್ನಿ’ ಎಂದಿದ್ದಾರೆ, ಇನ್ನೊಬ್ಬರು ‘ಕ್ಯಾನ್ಸರ್ ಎಂದಿಲ್ಲವಲ್ಲ, ಬಿಡಿ’ ಎಂದಿದ್ದಾರೆ. ಧಾರವಾಡದ ಲ್ಯಾಬಿನಲ್ಲಿ ಇಂಥ ಸ್ಲೈಡುಗಳನ್ನೇ ನೋಡುವ ನನಗೆ ಎರಡೂ ಸರಿಯೆನಿಸುವುದಿಲ್ಲ. ಪರೀಕ್ಷೆ ಇನ್ನೂ ಆಗಿಯೇ ಇಲ್ಲ ಎಂದಷ್ಟೇ ತಿಳಿಯಿರಿ.

ಗರ್ಭಕಂಠದಿಂದ ತೆಗೆದ ಕೋಶಗಳನ್ನು ಗಾಜಿನ ಮೇಲೆ ಸವರಿದಾಗ, ಸ್ಪಷ್ಟವಾಗಿ ಕಾಣುವಂಥವು ಕನಿಷ್ಠ 8,000ದಿಂದ 12,000 ಇರಬೇಕು. ದ್ರವದ ಬಾಟಲಿಯಲ್ಲಿ ಕಳಿಸುವ ವಿಧಾನದಲ್ಲಿ 5,000 ಸಾಕು. (ಒಂದೊಂದಾಗಿ ಎಣಿಸುವುದಿಲ್ಲ, ಕೆಲವು ಕಡೆ ನೋಡಿ ಅಂದಾಜು ಕಟ್ಟುತ್ತೇವೆ.) ರಕ್ತ ಅಥವಾ ಕೀವು ಮುಕ್ಕಾಲು ಪಾಲಿಗಿಂತ ಹೆಚ್ಚು ಕೋಶಗಳನ್ನು ಮರೆಮಾಡಿದ್ದರೆ ಆ ಸ್ಲೈಡು ಲೆಕ್ಕಕ್ಕಿಲ್ಲ. ಆದರೆ ಮಾದರಿ ಎಷ್ಟೇ ಕಡಿಮೆಯಿರಲಿ, ಅಸಹಜ ಕೋಶ ಕಂಡಿತೆಂದರೆ ಅದನ್ನು ಅಸಮರ್ಪಕ ಎಂದು ಬರೆಯುವಂತಿಲ್ಲ, ಕಂಡದ್ದನ್ನೇ ಬರೆಯಬೇಕು. ಆದ್ದರಿಂದ ಮುಚ್ಚಿಡುವ ಮಾತೇ ಬರುವುದಿಲ್ಲ.

ನನಗೆ ಹೆಚ್ಚು ಬೇಸರ ತರಿಸುವುದು ಒಣಗಿದ ಸ್ಲೈಡು. ಸವರಿದ ಕೂಡಲೇ 95 ಪ್ರತಿಶತ ಆಲ್ಕೋಹಾಲಿನಲ್ಲಿ ಮುಳುಗಿಸದೆ, ಶಿಬಿರದ ಗದ್ದಲದಲ್ಲಿ ಫ್ಯಾನಿನ ಕೆಳಗೆ ತುಸು ಹೊತ್ತು ಬಿಟ್ಟರೂ ಕೋಶಕೇಂದ್ರಗಳು ಉಬ್ಬಿ, ಬಣ್ಣ ಸರಿಯಾಗಿ ಹಿಡಿಯದೆ ಮಸುಕಾಗುತ್ತವೆ. ನಾವು ಓದಬೇಕಾದ ಒಳವಿವರವೆಲ್ಲ ಅಲ್ಲಿಗೆ ಹೋಯಿತು. ಇಂಥದ್ದರಲ್ಲಿ ಪರೀಕ್ಷೆಗೆ ಬಂದ ಹೆಣ್ಣುಮಗಳ ತಪ್ಪು ಏನೂ ಇರುವುದಿಲ್ಲ.

ಈಗ ಮಾಡಬೇಕಾದ್ದು ಎರಡರಿಂದ ನಾಲ್ಕು ತಿಂಗಳೊಳಗೆ ಮತ್ತೊಮ್ಮೆ ಮಾದರಿ ಕೊಡುವುದು. ಮುಟ್ಟಿನ ದಿನಗಳನ್ನು ಬಿಟ್ಟು ಹೋಗಬೇಕು. ಮಾದರಿ ಕೊಡುವ ದಿನಕ್ಕೆ ಎರಡು ದಿನ ಮೊದಲಿನಿಂದ ಯೋನಿಯೊಳಗೆ ಔಷಧಿ ಇಡುವುದು, ಒಳಗೆ ನೀರು ಹಾಕಿ ತೊಳೆಯುವುದು, ದೈಹಿಕ ಸಂಪರ್ಕ, ಇವು ಬೇಡ. ಸೋಂಕಿದ್ದರೆ ವೈದ್ಯರು ಮೊದಲು ಅದಕ್ಕೆ ಚಿಕಿತ್ಸೆ ಕೊಡಬಹುದು. ಎರಡನೆಯ ಸಲವೂ ಹೀಗೇ ಬಂದರೆ ಕಾಲ್ಪೊಸ್ಕೋಪಿ (ಗರ್ಭಕಂಠವನ್ನು ದೊಡ್ಡದಾಗಿ ತೋರಿಸುವ ಉಪಕರಣದಿಂದ ನೇರವಾಗಿ ನೋಡುವ ಪರೀಕ್ಷೆ) ಮಾಡಿಸುವ ಬಗ್ಗೆ ಕೇಳಿರಿ. ಸಂಪರ್ಕದ ನಂತರ ಅಥವಾ ಮುಟ್ಟು ನಿಂತ ಮೇಲೆ ರಕ್ತಸ್ರಾವ, ದುರ್ವಾಸನೆಯ ಸ್ರಾವ ಇದ್ದರಂತೂ ಈ ಎರಡು-ನಾಲ್ಕು ತಿಂಗಳ ಲೆಕ್ಕ ಹಿಡಿಯದೆ ಈ ವಾರವೇ ಸ್ತ್ರೀರೋಗ ತಜ್ಞರಿಗೆ ತೋರಿಸಬೇಕು.

ಅತ್ತಿಗೆ, ಹೋಗುವಾಗ ಈ ಹಳೆಯ ವರದಿಯನ್ನೂ ಒಯ್ಯಿರಿ. ರಕ್ತದಿಂದ ಮರೆಯಾಗಿತ್ತು ಎಂಬ ಸಾಲು ಮಾದರಿ ತೆಗೆಯುವವರ ಕಣ್ಣಿಗೆ ಬೀಳಬೇಕು.