ಎಲ್ಲಕ್ಕೂ 80 ಹರ್ಟ್ಜ್ ಇಡುವುದೇ, ರಿಸೀವರ್ ಅಳೆದದ್ದನ್ನೇ ನಂಬುವುದೇ?

ಹೊಸಕೇಳುಗ
ನನ್ನ ಹೋಮ್ ಥಿಯೇಟರ್‌ನಲ್ಲಿ ಮುಂದೆ ಎರಡು ಟವರ್ ಸ್ಪೀಕರ್, ನಡುವೆ ಸೆಂಟರ್, ಹಿಂದೆ ಎರಡು ಪುಟ್ಟ ಸರೌಂಡ್, ಜೊತೆಗೆ ತಗ್ಗುಧ್ವನಿಗೆಂದೇ 10 ಇಂಚಿನ ಸಬ್‌ವೂಫರ್. ಇವನ್ನೆಲ್ಲ ನಡೆಸುವ ರಿಸೀವರ್‌ನ ಮೈಕ್ ಇಟ್ಟು ಅಳತೆ ಮಾಡಿಸಿದಾಗ ಅದು ಟವರ್‌ಗಳನ್ನು ‘ಲಾರ್ಜ್’ (ತಗ್ಗುಧ್ವನಿಯನ್ನೂ ತಾವೇ ನುಡಿಸುವಂಥವು) ಎಂದಿತು, ಸೆಂಟರ್‌ಗೆ 60, ಸರೌಂಡ್‌ಗೆ 120 ಹರ್ಟ್ಜ್ ಕ್ರಾಸ್‌ಓವರ್ (ಅದರ ಕೆಳಗಿನ ಧ್ವನಿ ಸಬ್‌ಗೆ ಹೋಗುವ ಗಡಿ) ಇಟ್ಟಿತು. ಯಾರನ್ನು ಕೇಳಿದರೂ ‘80 ಇಡಿ’ ಎನ್ನುತ್ತಾರೆ. ಯಂತ್ರ ಅಳೆದದ್ದನ್ನು ತಿದ್ದಬಹುದೇ? ಸಬ್‌ನ ಬೆನ್ನಿಗೂ ಒಂದು ಕ್ರಾಸ್‌ಓವರ್ ಗುಂಡಿ ಇದೆಯಲ್ಲ, ಅದನ್ನು ಎಲ್ಲಿಗೆ ತಿರುಗಿಸಬೇಕು?

ಮಂದ್ರಸ್ಥಾಯಿ
ತಿದ್ದಬಹುದಲ್ಲ, ತಿದ್ದಬೇಕು. ಟವರ್‌ಗಳನ್ನು ‘ಸ್ಮಾಲ್’ ಮಾಡಿ 80 ಕೊಡಿ, ಸೆಂಟರ್‌ಗೂ 80. ಸರೌಂಡ್ 120ರಲ್ಲೇ ಇರಲಿ. ಸಬ್‌ನ ಗುಂಡಿಯನ್ನು ಕೊನೆಯವರೆಗೆ ಮೇಲಕ್ಕೆ ತಿರುಗಿಸಿ ಮರೆತುಬಿಡಿ. ಇಲ್ಲದಿದ್ದರೆ ಒಂದೇ ಕೆಲಸಕ್ಕೆ ಎರಡು ಫಿಲ್ಟರ್ ಕುಳಿತು ಸಂಧಿಯಲ್ಲಿ ಹಳ್ಳ ಬೀಳುತ್ತದೆ.

ಮೆನುವಿನಲ್ಲಿ ‘ಎಲ್‌ಎಫ್‌ಇ ಲೋ ಪಾಸ್’ ಎಂಬುದೂ ಇರುತ್ತದೆ. ಅದಕ್ಕೂ ಸ್ಪೀಕರ್‌ಗಳ ಕ್ರಾಸ್‌ಓವರ್‌ಗೂ ಸಂಬಂಧವಿಲ್ಲ. ಎಲ್‌ಎಫ್‌ಇ ಎಂದರೆ ಚಿತ್ರದ ಧ್ವನಿಪಥದಲ್ಲಿ ತಗ್ಗುಧ್ವನಿಗೆಂದೇ ಮೀಸಲಾದ ‘.1’ ಚಾನೆಲ್. ಅದರಲ್ಲಿ 120 ಹರ್ಟ್ಜ್‌ವರೆಗೂ ಧ್ವನಿ ಇರಬಹುದು. ಅದನ್ನು 80ಕ್ಕೆ ಇಳಿಸಿದರೆ ಮೇಲಿನ ಭಾಗ ಬೇರೆ ಯಾವ ಸ್ಪೀಕರ್‌ಗೂ ಹೋಗುವುದಿಲ್ಲ, ಸುಮ್ಮನೆ ಕಳೆದುಹೋಗುತ್ತದೆ. 120ರಲ್ಲೇ ಬಿಡಿ.

ಗೋಪುರಪ್ರಿಯ
ಎದೆಯೆತ್ತರದ ಟವರ್ ಕೊಂಡು ಅದಕ್ಕೆ ‘ಸ್ಮಾಲ್’ ಎಂಬ ಪಟ್ಟ ಕಟ್ಟುವುದು ಯಾವ ನ್ಯಾಯ? 38 ಹರ್ಟ್ಜ್‌ವರೆಗೆ ಇಳಿಯಲೆಂದೇ ಮಾಡಿದ ಪೆಟ್ಟಿಗೆ ಅದು. ರಿಸೀವರ್‌ನ ಮೈಕ್ ಕೂಡ ಅದನ್ನೇ ಹೇಳಿದೆ. 80 ಎಂದರೆ ವೇದವಾಕ್ಯವೇನೂ ಅಲ್ಲ.

ಮಂದ್ರಸ್ಥಾಯಿ
‘ಸ್ಮಾಲ್’ ಎಂಬುದು ಪೆಟ್ಟಿಗೆಯ ಗಾತ್ರವನ್ನು ಹೇಳುವುದಿಲ್ಲ. ತಗ್ಗಿನ ಧ್ವನಿಯನ್ನು ಸಬ್‌ಗೆ ಕಳುಹಿಸು ಎಂಬ ಆಜ್ಞೆ, ಅಷ್ಟೇ. ಮೈಕ್ ಏನು ಅಳೆಯಿತೆಂಬುದನ್ನೂ ನೋಡಿ. ಗೋಡೆಯ ಹತ್ತಿರ ಇಟ್ಟ ಟವರ್‌ಗೆ ಕೋಣೆಯೇ ತಗ್ಗುಧ್ವನಿಯನ್ನು ಕೂಡಿಸುತ್ತದೆ, ಮೈಕ್ ಅದನ್ನೂ ಸೇರಿಸಿಕೊಂಡೇ ಲೆಕ್ಕ ಹಾಕುತ್ತದೆ. 40 ಹರ್ಟ್ಜ್ ಕೇಳಿಸಿತೇ ಎಂದು ನೋಡುತ್ತದೆಯೇ ಹೊರತು, ಸ್ಫೋಟದ ದೃಶ್ಯದ ಜೋರಿನಲ್ಲಿ ಆ 40 ಹರ್ಟ್ಜ್ ವಿಕಾರವಿಲ್ಲದೆ ಬರುತ್ತದೆಯೇ ಎಂದು ಪರೀಕ್ಷಿಸುವುದಿಲ್ಲ.

ವೂಫರ್‌ನ ಕೋನ್ ಅಷ್ಟೇ ಜೋರಿನಲ್ಲಿ ಒಂದು ಸ್ಥಾಯಿ ಕೆಳಗೆ ನುಡಿಯಬೇಕಾದರೆ ನಾಲ್ಕು ಪಟ್ಟು ಹೆಚ್ಚು ದೂರ ಓಡಾಡಬೇಕು. 80 ಹರ್ಟ್ಜ್‌ನಲ್ಲಿ ಒಂದು ಮಿಲಿಮೀಟರ್ ಸರಿದರೆ 40ರಲ್ಲಿ ನಾಲ್ಕು. ಅದೇ ಕೋನ್ ಆ ಹೊತ್ತಿಗೆ ಗಂಡುದನಿಯನ್ನೂ ನುಡಿಸುತ್ತಿರುತ್ತದೆ. ಆ ಹೊರೆಯನ್ನು ಇಳಿಸಿದರೆ ಮಾತು ತಿಳಿಯಾಗುತ್ತದೆ, ರಿಸೀವರ್‌ನ ಆಂಪ್ಲಿಫೈಯರ್‌ಗೂ ಉಸಿರಾಡಲು ಜಾಗ ಸಿಗುತ್ತದೆ.

ಗೋಪುರಪ್ರಿಯ
ಚಿತ್ರಕ್ಕೆ ಒಪ್ಪಿದೆ. ಸಂಗೀತಕ್ಕೆ? ಕೋಣೆಯ ಎರಡು ಕಡೆಯಿಂದ ಬರುವ ತಗ್ಗುಧ್ವನಿ ಒಂದೇ ಮೂಲೆಯ ಸಬ್‌ಗಿಂತ ಸಮನಾಗಿ ಹರಡುತ್ತದೆ. ಸಬ್ ಬೇಕೆನ್ನುವವರು ಟವರ್ ‘ಲಾರ್ಜ್’ ಇಟ್ಟು ‘ಎಲ್‌ಎಫ್‌ಇ + ಮೇನ್’ ಹಾಕಿಕೊಳ್ಳಲಿ, ತಗ್ಗುಧ್ವನಿಯನ್ನು ಟವರ್, ಸಬ್ ಎರಡೂ ನುಡಿಸುತ್ತವೆ.

ಅಳತೆಗೋಲು
ಹರಡುವ ಮಾತು ಸರಿ, ‘ಎಲ್‌ಎಫ್‌ಇ + ಮೇನ್’ ಸಲಹೆ ಬೇಡ. ಒಂದೇ ತಗ್ಗುಸ್ವರವನ್ನು ಟವರ್ ಮತ್ತು ಸಬ್ ಬೇರೆ ಬೇರೆ ಜಾಗದಿಂದ ನುಡಿಸಿದಾಗ ಕೆಲವು ಸ್ವರ ಉಬ್ಬುತ್ತವೆ, ಕೆಲವು ಒಂದನ್ನೊಂದು ಅಳಿಸಿಹಾಕುತ್ತವೆ. ಅಳತೆಯಿಲ್ಲದೆ ಅದನ್ನು ಹದಕ್ಕೆ ತರುವುದು ಕಷ್ಟ.

ಇನ್ನು ನೀವಿಬ್ಬರೂ 80ನ್ನು ಗೋಡೆಯೆಂಬಂತೆ ಮಾತನಾಡುತ್ತಿದ್ದೀರಿ. ಅದು ಇಳಿಜಾರು. ಬಹುತೇಕ ರಿಸೀವರ್‌ಗಳು ಸ್ಪೀಕರ್‌ನ ಕಡೆ ಒಂದು ಆಕ್ಟೇವ್‌ಗೆ (ಅಂದರೆ ಒಂದು ಸ್ಥಾಯಿಗೆ) 12 ಡೆಸಿಬೆಲ್, ಸಬ್‌ನ ಕಡೆ 24 ಡೆಸಿಬೆಲ್ ಇಳಿಸುತ್ತವೆ. ಅಂದರೆ 80 ಇಟ್ಟರೂ ಟವರ್ 40ರಲ್ಲಿ 12 ಡೆಸಿಬೆಲ್ ಕಡಿಮೆಯಾಗಿ ನುಡಿಯುತ್ತಲೇ ಇರುತ್ತದೆ. ಸ್ಪೀಕರ್‌ಗೆ ಕ್ರಾಸ್‌ಓವರ್‌ನ ಕೆಳಗೂ ಅರ್ಧ ಆಕ್ಟೇವ್‌ನಷ್ಟಾದರೂ ಶಕ್ತಿ ಇರಬೇಕೆನ್ನುವುದು ಇದಕ್ಕೇ. ಆ ಪುಟ್ಟ ಸರೌಂಡ್‌ಗಳನ್ನು 80ಕ್ಕೆ ಎಳೆಯುವ ಆಸೆ ಬೇಡ. ರಿಸೀವರ್‌ನಲ್ಲಿ ಆಡಿಸ್ಸಿಯಂಥ ಕೋಣೆಯ ಧ್ವನಿ ತಿದ್ದುವ ವ್ಯವಸ್ಥೆಯಿದ್ದರಂತೂ ಅಳತೆ ತೋರಿಸಿದ ಅಂಕಿಗಿಂತ ಏರಿಸಬಹುದು, ಇಳಿಸಬಾರದು. ಸ್ಪೀಕರ್ ಸೋತ ಜಾಗದಿಂದ ಕೆಳಗೆ ಅದು ತಿದ್ದುವುದೇ ಇಲ್ಲ.

ಒಂದೇಮಾತು
120 ಇಟ್ಟರೆ ಸರೌಂಡ್‌ನ ಶಬ್ದ ಮುಂದಿರುವ ಸಬ್‌ನಿಂದ ಬಂದಂತೆ ಕೇಳಿಸುವುದಿಲ್ಲವೇ?

ಅಳತೆಗೋಲು
ಸ್ವಲ್ಪ ಅನ್ನಿಸಬಹುದು. 80 ಹರ್ಟ್ಜ್‌ನ ಅಲೆ ಸುಮಾರು 4.3 ಮೀಟರ್ ಉದ್ದ, ಅಲ್ಲಿಂದ ಕೆಳಗೆ ದಿಕ್ಕು ಹಿಡಿಯಲು ಕಿವಿ ಹೆಣಗುತ್ತದೆ. ಚಿತ್ರಧ್ವನಿಗೆ ಮಾನದಂಡ ಹಾಕುವ ಟಿಎಚ್‌ಎಕ್ಸ್‌ನವರು 80ಕ್ಕೆ ಅಂಟಿಕೊಂಡದ್ದಕ್ಕೆ ಇದೂ ಒಂದು ಕಾರಣ. 120ರಲ್ಲಿ ಅಷ್ಟು ಭರವಸೆ ಇಲ್ಲ. ಆದರೂ ಸತ್ವವಿಲ್ಲದ ಸರೌಂಡ್ ಕರಕರ ಎನ್ನುವುದಕ್ಕಿಂತ ಅದು ಮೇಲು. ಎಷ್ಟೋ ಸಲ ಸಬ್ ಎಲ್ಲಿದೆಯೆಂದು ತೋರಿಸಿಕೊಡುವುದು ಅದರ ಮೇಲೆ ಇಟ್ಟ ವಸ್ತುಗಳ ಗಡಗಡ ಸದ್ದು.

ಯಾರೂ ಎತ್ತದ ವಿಷಯವೊಂದಿದೆ. ಅಂಕಿ 60 ಇರಲಿ, 80 ಇರಲಿ, ಆ ಸಂಧಿಯಲ್ಲಿ ಟವರ್ ಮತ್ತು ಸಬ್ ಒಂದೇ ಹೊತ್ತಿಗೆ ಮುಂದಕ್ಕೆ ತಳ್ಳುತ್ತಿವೆಯೇ? ಒಂದು ತಳ್ಳುವಾಗ ಇನ್ನೊಂದು ಎಳೆದರೆ ಕುಳಿತ ಜಾಗದಲ್ಲಿ ಏನೂ ಉಳಿಯುವುದಿಲ್ಲ. 80 ಹರ್ಟ್ಜ್ ಸ್ವರವನ್ನು ನುಡಿಸಿ, ಸಬ್‌ನ ಫೇಸ್ ಗುಂಡಿಯನ್ನು 180ಕ್ಕೆ (ತಳ್ಳುವುದು ಎಳೆತವಾಗಿ ತಿರುವುಮುರುವಾಗುವಂತೆ) ತಿರುಗಿಸಿ. ಈಗ ಮೆನುವಿನಲ್ಲಿ ಸಬ್‌ನ ದೂರವನ್ನು ಸ್ವಲ್ಪ ಸ್ವಲ್ಪವೇ ಬದಲಿಸುತ್ತ ಹೋಗಿ. 34 ಸೆಂಟಿಮೀಟರ್ ಎಂದರೆ ಒಂದು ಮಿಲಿಸೆಕೆಂಡ್. ಸ್ವರ ಎಲ್ಲಿ ಅತ್ಯಂತ ಕ್ಷೀಣವಾಗುತ್ತದೆಯೋ ಅಲ್ಲಿ ನಿಲ್ಲಿಸಿ ಫೇಸ್ ಅನ್ನು 0ಗೆ ತನ್ನಿ. ಈಗ ಎರಡೂ ಕೂಡಿ ನುಡಿಯುತ್ತವೆ. ರಿಸೀವರ್ ತೋರಿಸುವ ದೂರ ಟೇಪ್ ಹಿಡಿದು ಅಳೆದದ್ದಕ್ಕಿಂತ ಹೆಚ್ಚಿದ್ದರೆ ಗಾಬರಿಯಾಗಬೇಡಿ. ಸಬ್‌ನೊಳಗಿನ ಸಂಸ್ಕರಣೆಯ ವಿಳಂಬವೂ ಅದರಲ್ಲಿ ಸೇರಿರುತ್ತದೆ.

ಹೊಸಕೇಳುಗ
ಮುಂದಿನ ಮೂರಕ್ಕೂ 80 ಇಟ್ಟೆ, ದೂರವನ್ನೂ ಹಾಗೆಯೇ ಹೊಂದಿಸಿದೆ. ಕುರ್ಚಿಯಲ್ಲಿ ಕುಳಿತಾಗ ಡ್ರಮ್‌ನ ಪೆಟ್ಟು ಈಗ ಒಂದೇ ಪೆಟ್ಟಾಗಿ ಬರುತ್ತಿದೆ. ಆದರೆ ರಿಮೋಟ್‌ನಲ್ಲಿ ‘ಪ್ಯೂರ್ ಡೈರೆಕ್ಟ್’ ಒತ್ತಿದರೆ ಸಬ್ ಮೌನವಾಗುತ್ತದೆ. ಕೆಟ್ಟಿದೆಯೇ?

ಮಂದ್ರಸ್ಥಾಯಿ
ಕೆಟ್ಟಿಲ್ಲ. ಅನೇಕ ರಿಸೀವರ್‌ಗಳಲ್ಲಿ ಆ ಗುಂಡಿ ಕ್ರಾಸ್‌ಓವರ್, ಕೋಣೆಯ ತಿದ್ದುಪಡಿ ಎಲ್ಲವನ್ನೂ ಬದಿಗಿಡುತ್ತದೆ. ಸಬ್ ಬೇಕಾದರೆ ‘ಸ್ಟೀರಿಯೊ’ ಆರಿಸಿ.

ಗೋಪುರಪ್ರಿಯ
ಅಂದರೆ ಟವರ್ ಪೂರ್ತಿ ನುಡಿಯುವುದು ಆ ಗುಂಡಿಯಲ್ಲಿ ಮಾತ್ರ! ಒಂದು ವಾರ ಅಲ್ಲಿಯೇ ಸಂಗೀತ ಕೇಳಿ ನೋಡಿ. ಆಮೇಲೂ 80 ಬೇಕೆನ್ನಿಸಿದರೆ ಟವರ್‌ಗೆ 60 ಇಟ್ಟು, ದೂರವನ್ನು ಮತ್ತೆ ಹೊಂದಿಸಿ, ಎರಡನ್ನೂ ಅಳೆದ ಗ್ರಾಫ್ ಇಲ್ಲಿ ಹಾಕಿ.

ಅಳತೆಗೋಲು
ಹಾಕುವಾಗ ಎಡ, ಬಲ ಟವರ್‌ಗಳನ್ನು ಸಬ್‌ನೊಂದಿಗೆ ಬೇರೆ ಬೇರೆಯಾಗಿ ಅಳೆಯಿರಿ. ಒಂದಕ್ಕೆ 60 ಹೊಂದಿ ಇನ್ನೊಂದಕ್ಕೆ ಹೊಂದದಿರುವುದು ಅಪರೂಪವಲ್ಲ.