ಹಸಿದ ದೇಶಕ್ಕೆ ಧಾನ್ಯ ಕಳಿಸೋದು ಬಿಟ್ಟು ಬೇರೇನು ಮಾಡಬಹುದು?

ಶ್ರುತಿ, ತುಮಕೂರು:
ಕಾಲೇಜಿನಲ್ಲಿ ಚರ್ಚಾ ಸ್ಪರ್ಧೆ ಇದೆ. ಬಡ ದೇಶಗಳು ತಮ್ಮ ಹಸಿವನ್ನು ತಾವೇ ನೀಗಿಸಿಕೊಳ್ಳೋಕೆ ಹೊರಗಿನವರು ಹೇಗೆ ನೆರವಾಗಬಹುದು ಅನ್ನೋದು ವಿಷಯ. ಎಲ್ಲರೂ ಬೀಜ, ಗೊಬ್ಬರ, ತರಬೇತಿ ಅಂತಾರೆ. ನಿಜವಾಗಿ ಕೆಲಸ ಮಾಡಿದ ಉದಾಹರಣೆ ಇದೆಯಾ?

ಕಿರಣ್:
ಆಫ್ರಿಕಾದ ಮಲಾವಿ ನೋಡಿ. 2005ರಲ್ಲಿ ಬರ. ಆಮೇಲೆ ರೈತರಿಗೆ ಕೂಪನ್ ಮೇಲೆ ಅಗ್ಗದ ಗೊಬ್ಬರ ಕೊಟ್ಟರು. 2007ರಲ್ಲಿ ಜಿಂಬಾಬ್ವೆಗೇ ಮೆಕ್ಕೆಜೋಳ ಮಾರಿದರು. ಮುಗೀತು.

ಮಿಲ್ ಮೆಕ್ಯಾನಿಕ್, ಕಲಬುರಗಿ:
ಕಿರಣ್ ಅವರೇ, ಅಲ್ಲಿಗೆ ಮುಗೀಲಿಲ್ಲ. ನಾನು ಬ್ಲಾಂಟೈರ್ ಪಕ್ಕದ ಲಿಂಬೆಯಲ್ಲಿ ದಾಲ್ ಮಿಲ್ ರಿಪೇರಿ ಮಾಡ್ಕೊಂಡಿದ್ದವನು. ಆ ಕೂಪನ್ ಯೋಜನೆಗೆ ಮೊದಲು ದುಡ್ಡು ಕೊಡೋ ದೇಶಗಳೇ ಒಪ್ಪಿರಲಿಲ್ಲ. ಆದರೂ ಸರ್ಕಾರ ಹಟ ಹಿಡಿದು ಶುರು ಮಾಡಿತು, ಅದು ಮೆಚ್ಚೋ ಮಾತೇ. ಆದರೆ ಮಲಾವಿಗೆ ಸಮುದ್ರ ಇಲ್ಲ. ಗೊಬ್ಬರ ಹೊರದೇಶದ ಬಂದರಿಗೆ ಇಳಿದು ಅಲ್ಲಿಂದ ಬರಬೇಕು. 2008ರಲ್ಲಿ ಜಗತ್ತಿನಲ್ಲೆಲ್ಲ ದರ ಏರಿದಾಗ ಸಬ್ಸಿಡಿ ಖರ್ಚು ಕೈಮೀರಿತು.

ಅವರ ಹೊಲದಲ್ಲೇ ಇನ್ನೊಂದು ದಾರಿ ಇದೆ, ತೊಗರಿ. ಹೌದ್ರಿ, ನಮ್ಮ ತೊಗರಿನೇ. ದಕ್ಷಿಣ ಮಲಾವಿಯಲ್ಲಿ ಮೆಕ್ಕೆಜೋಳದ ಜೊತೆ ಬಿತ್ತುತ್ತಾರೆ. ಮೆಕ್ಕೆಜೋಳ ಕೊಯ್ದ ಮೇಲೂ ನಿಂತಿರುತ್ತೆ, ಎಲೆ ಉದುರಿಸಿ ಭೂಮಿಗೆ ಸಾರಜನಕ ಕೊಡುತ್ತೆ, ಕಟ್ಟಿಗೆ ಒಲೆಗೆ ಆಗುತ್ತೆ. ನೆಟೆ ರೋಗದ ಕಾಟ ಅಲ್ಲೂ ಇದೆ. ಅದನ್ನು ತಡೆಯೋ ಐಸಿಪಿ 9145 ತಳಿ 1987ರಲ್ಲೇ ಅಲ್ಲಿ ಬಿಡುಗಡೆಯಾಯಿತು. ಬೀಜ ಇತ್ತು, ಬೆಳೆಯೋದೂ ಗೊತ್ತಿತ್ತು.

ಕೊಳ್ಳೋರು ಯಾರು? ಮುಖ್ಯವಾಗಿ ನಾವೇ. 2017ರ ಆಗಸ್ಟ್‌ನಲ್ಲಿ ದಿಲ್ಲಿ ತೊಗರಿ ಆಮದಿಗೆ ವರ್ಷಕ್ಕೆ 2 ಲಕ್ಷ ಟನ್ ಮಿತಿ ಹಾಕಿತು. ಮಲಾವಿಯಲ್ಲಿ ಆಗಲೇ ಬೆಳೆ ಕೈಗೆ ಬಂದಿತ್ತು. ಬೆಲೆ ಕುಸಿದು ಬಿತ್ತು. ಚೀಲ ಹೊತ್ತು ಬಂದವರು ರೇಟು ಕೇಳಿ ಗೇಟಿನಲ್ಲೇ ಕೂತುಬಿಡೋರು. ಎಂಥ ತರಬೇತಿ ಕೊಟ್ಟಿದ್ದರೂ ಆ ದಿನ ಏನು ಉಪಯೋಗ?

ಬಸವರಾಜ, ಆಳಂದ:
ಅಣ್ಣಾ, ಅವರ ಕಷ್ಟ ಒಪ್ಪಿದೆ. ಆದರೆ ಆ ವರ್ಷ ನಮ್ಮ ತೊಗರಿನೂ ಬೆಂಬಲ ಬೆಲೆಗಿಂತ ಕೆಳಗೆ ಹೋಗಿತ್ತಲ್ಲ. ಮಿತಿ ಹಾಕದೆ ಇನ್ನೇನು ಮಾಡಬೇಕಿತ್ತು?

ಮಿಲ್ ಮೆಕ್ಯಾನಿಕ್, ಕಲಬುರಗಿ:
ನಿನ್ನ ಸಿಟ್ಟು ಸರಿ ತಮ್ಮಾ. ನಮ್ಮ ಮನೆಯೂ ತೊಗರಿ ಮೇಲೇ ನಡೆದದ್ದು. ಬಾಗಿಲು ತೆರೆದೇ ಇಡಬೇಕು ಅಂತಿಲ್ಲ. ಮುಚ್ಚೋದಿದ್ದರೆ ಬಿತ್ತೋ ಮುಂಚೆ ಹೇಳಿ ಅಂತೀನಿ. 2021ರಲ್ಲಿ ಮಲಾವಿಯಿಂದ ವರ್ಷಕ್ಕೆ 50,000 ಟನ್ ತೊಗರಿ ತರಿಸೋ 5 ವರ್ಷದ ಒಪ್ಪಂದ ಆಯಿತು. ಅಷ್ಟಾದರೂ ಮೊದಲೇ ಗೊತ್ತಿದ್ದರೆ ಎಷ್ಟು ಬಿತ್ತಬೇಕು ಅಂತ ಲೆಕ್ಕ ಹಾಕಬಹುದು, ಅಲ್ವಾ?

ಶ್ರುತಿ, ಇನ್ನೊಂದು ಬರ್ಕೋಮ್ಮ. ಇಡೀ ಕಾಳು ಮಾರೋದಕ್ಕಿಂತ ಅಲ್ಲೇ ಬೇಳೆ ಒಡೆದರೆ ನಾಲ್ಕು ಜನಕ್ಕೆ ಕೂಲಿ, ಹೊಟ್ಟು ದನಕ್ಕೆ. ಆದರೆ ರೋಲರ್ ಕಲ್ಲು ಸವೆದಾಗೆಲ್ಲ ಇಂಡಿಯಾದಿಂದ ಆಳು ಬರೋವರೆಗೆ ಮಿಲ್ ಬಂದ್. ಆ ಆಳು ನಾನೇ. ಅಲ್ಲಿನ ಇಬ್ಬರು ಹುಡುಗರಿಗೆ ಸುಮ್ನೆ ಜೊತೆಗೆ ಕೂರಿಸ್ಕೊಂಡು ಕಲಿಸಿದೆ. ಚೆನ್ನಾಗೇ ಕಲಿತರು. ಮುಂದಿನ ಸಲ ಮಾಲೀಕರು ನನಗೆ ಟಿಕೆಟ್ ಕಳಿಸಲಿಲ್ಲ.